ಹೂಡಿಕೆಯ ನಿವ್ವಳ ಲಾಭ–ನಷ್ಟ: ಕಂಪನಿ ವರದಿಯ ಆ ಒಂದು ಸಾಲನ್ನು ಓದುವ ಸಮಗ್ರ ಮಾರ್ಗದರ್ಶಿ

2022ರಲ್ಲಿ ಅಮೆರಿಕದ ಬರ್ಕ್‌ಶೈರ್ ಹ್ಯಾಥವೇ ಕಂಪನಿ 22.8 ಬಿಲಿಯನ್ ಡಾಲರ್ ನಿವ್ವಳ ನಷ್ಟ ತೋರಿಸಿತು. ಅದೇ ವರ್ಷ ಅದರ ವಿಮೆ, ರೈಲು, ವಿದ್ಯುತ್, ಕಾರ್ಖಾನೆ ಎಲ್ಲ ಸೇರಿ 30.8 ಬಿಲಿಯನ್ ಡಾಲರ್ ದುಡಿದಿದ್ದವು. ಎರಡೂ ಅಂಕಿ ಸರಿ. ಎರಡೂ ಒಂದೇ ವರದಿಯಲ್ಲಿವೆ. ಇವೆರಡರ ನಡುವಿನ ಅಂತರ ಪೂರ್ತಿ ಒಂದೇ ಸಾಲಿನಿಂದ ಬಂದದ್ದು: ಹೂಡಿಕೆಯ ಲಾಭ–ನಷ್ಟ.

ಈ ಸಾಲಿನಲ್ಲಿ ಓದುಗರು ಎಡವುವ ಜಾಗಗಳು ಹೆಚ್ಚೂಕಡಿಮೆ ಒಂದೇ. ಬಡ್ಡಿ ಆದಾಯವನ್ನೇ ಹೂಡಿಕೆ ಲಾಭ ಅಂದುಕೊಳ್ಳುತ್ತಾರೆ. ಕಾಗದದ ಮೇಲಿನ ಲಾಭವನ್ನು ಕೈಗೆ ಬಂದ ದುಡ್ಡು ಅಂದುಕೊಳ್ಳುತ್ತಾರೆ. ತೆರಿಗೆ ಮುಂಚಿನ ಅಂಕಿಯನ್ನು ತೆರಿಗೆ ನಂತರದ ಅಂಕಿಯ ಪಕ್ಕ ಇಟ್ಟು ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಕೈಬಿಡುತ್ತಾರೆ. ಎಲ್ಲಕ್ಕಿಂತ ಅಪಾಯದ್ದು, ಈ ಸಾಲಿನಲ್ಲಿ ಕಾಣದ ನಷ್ಟ ಇಲ್ಲವೇ ಇಲ್ಲ ಅಂತ ನಂಬುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೇ ಹಂತ ಬಿಟ್ಟು ನಾಲ್ಕಕ್ಕೆ ಹಾರಿದರೆ ಮತ್ತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

## ಶುರು ಮಾಡುವ ಮುಂಚೆ ಏನೇನು ಬೇಕು

ಕಂಪನಿಯ ಪೂರ್ತಿ ವಾರ್ಷಿಕ ವರದಿ ಬೇಕು, ಪತ್ರಿಕೆಯಲ್ಲಿ ಬಂದ ಸಾರಾಂಶ ಸಾಲದು. ಅಮೆರಿಕದ ಕಂಪನಿಯಾದರೆ ‘ಟೆನ್-ಕೆ’ ಅನ್ನುವ ವರದಿ ಅಲ್ಲಿನ ಷೇರು ನಿಯಂತ್ರಕ ಸಂಸ್ಥೆಯ ಎಡ್ಗರ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಭಾರತದ ಲಿಸ್ಟೆಡ್ ಕಂಪನಿಯಾದರೆ ಅದರ ಸ್ವಂತ ವೆಬ್‌ಸೈಟಿನಲ್ಲಿ, ಇಲ್ಲವೇ ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಇರುತ್ತದೆ. ಜೊತೆಗೆ ಫಲಿತಾಂಶದ ದಿನ ಬಿಟ್ಟ ಪ್ರೆಸ್ ರಿಲೀಸ್ ಇಟ್ಟುಕೊಳ್ಳಿ. ಹಿಂದಿನ ನಾಲ್ಕು ವರ್ಷದ ವರದಿಗಳೂ ಕೊನೆಗೆ ಬೇಕಾಗುತ್ತವೆ.

ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪಿಡಿಎಫ್‌ನಲ್ಲಿ ಪದ ಹುಡುಕಲು ಬಂದರೆ ಸಾಕು, ಬೇರೆ ಯಾವ ಸಾಫ್ಟ್‌ವೇರೂ ಬೇಡ.

## ಹಂತ 1: ಸರಿಯಾದ ಸಾಲನ್ನೇ ಹಿಡಿಯಿರಿ

ಮೆಟ್‌ಲೈಫ್‌ನಂಥ ಅಮೆರಿಕದ ವಿಮಾ ಕಂಪನಿಯ ಲಾಭ–ನಷ್ಟ ಪಟ್ಟಿಯಲ್ಲಿ ಒಂದೇ ತರ ಕಾಣುವ ಮೂರು ಸಾಲುಗಳಿವೆ. ‘ನೆಟ್ ಇನ್ವೆಸ್ಟ್‌ಮೆಂಟ್ ಇನ್ಕಮ್’, ‘ನೆಟ್ ಇನ್ವೆಸ್ಟ್‌ಮೆಂಟ್ ಗೇನ್ಸ್’, ‘ನೆಟ್ ಡೆರಿವೇಟಿವ್ ಗೇನ್ಸ್’. ಮೊದಲನೆಯದು ಬಾಂಡಿನ ಬಡ್ಡಿ, ಷೇರಿನ ಡಿವಿಡೆಂಡ್, ಕಟ್ಟಡದ ಬಾಡಿಗೆ. ಎರಡನೆಯದು ಹೂಡಿಕೆಯ ಬೆಲೆ ಬದಲಾದದ್ದರಿಂದ, ಇಲ್ಲವೇ ಅದನ್ನು ಮಾರಿದ್ದರಿಂದ ಬಂದದ್ದು. ಒಂದು ಮನೆಯಿಂದ ತಿಂಗಳು ತಿಂಗಳು ಬರುವ ಬಾಡಿಗೆಯೇ ಬೇರೆ, ಆ ಮನೆಯ ಬೆಲೆ ಏರಿದ್ದೇ ಬೇರೆ, ಅಲ್ವಾ? ಹಾಗೆ. ಬಾಡಿಗೆ ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತದೆ. ಬೆಲೆ ಏರಿಳಿತಕ್ಕೆ ಅಂಥ ಗ್ಯಾರಂಟಿ ಇಲ್ಲ.

ಮೂರನೆಯದನ್ನು ಬೇರೆಯಾಗಿಯೇ ಇಡಿ. ಬಡ್ಡಿದರ, ಷೇರುಪೇಟೆಯ ಏರುಪೇರಿನಿಂದ ತನ್ನನ್ನು ಕಾಪಾಡಿಕೊಳ್ಳಲು ವಿಮಾ ಕಂಪನಿ ಡೆರಿವೇಟಿವ್, ಅಂದರೆ ಇನ್ನೊಂದು ವಸ್ತುವಿನ ಬೆಲೆಯ ಮೇಲೆ ನಿಂತ ಒಪ್ಪಂದ, ಕೊಂಡಿರುತ್ತದೆ. ಡೆರಿವೇಟಿವ್‌ನ ಬೆಲೆ ಪ್ರತಿ ತ್ರೈಮಾಸಿಕವೂ ಲಾಭ–ನಷ್ಟ ಪಟ್ಟಿಗೆ ಬರುತ್ತದೆ. ಅದು ಕಾಪಾಡುತ್ತಿರುವ ವಸ್ತುವಿನ ಬೆಲೆ ಎಷ್ಟೋ ಸಲ ಅಲ್ಲಿಗೆ ಬರುವುದಿಲ್ಲ. ಹಾಗಾಗಿ ರಕ್ಷಣೆ ಸರಿಯಾಗಿ ಕೆಲಸ ಮಾಡಿದಾಗಲೂ ಈ ಸಾಲು ನಷ್ಟ ತೋರಿಸಬಹುದು.

ಇಲ್ಲಿ ಮೂರು ತಪ್ಪು ಸಾಮಾನ್ಯ. ಮೊದಲನೆಯದು ಚಿಹ್ನೆ: ಆವರಣದೊಳಗಿನ ಅಂಕಿ ಎಂದರೆ ನಷ್ಟ, ಮೈನಸ್ ಗುರುತು ಹುಡುಕಬೇಡಿ. ಎರಡನೆಯದು ಅಳತೆ: ಅಮೆರಿಕದ ದೊಡ್ಡ ಕಂಪನಿಗಳು ಮಿಲಿಯನ್ ಡಾಲರಿನಲ್ಲಿ ಬರೆಯುತ್ತವೆ. ಬರ್ಕ್‌ಶೈರ್‌ನ 2022ರ ಸಾಲಿನಲ್ಲಿ (67,899) ಅಂತಿದ್ದರೆ ಅದು 67.9 ಬಿಲಿಯನ್ ಡಾಲರ್ ನಷ್ಟ. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಮೂರನೆಯದು ಜಾಗ: ವಿಮಾ ಕಂಪನಿಗಳಲ್ಲಿ ಈ ಸಾಲು ಬಹಳ ಸಲ ಆದಾಯದ ಪಟ್ಟಿಯ ಒಳಗೇ ಕೂತಿರುತ್ತದೆ. ‘ಒಟ್ಟು ಆದಾಯ ಕುಸಿಯಿತು’ ಅನ್ನುವ ಸುದ್ದಿ ನೋಡಿದಾಗ ಪ್ರೀಮಿಯಂ ನಿಜಕ್ಕೂ ಕಡಿಮೆಯಾಗಿದೆಯೋ, ಬರೀ ಷೇರಿನ ಬೆಲೆ ಬಿದ್ದಿದೆಯೋ ನೋಡಿ.

ಎಕ್ಸೆಲ್ ಹಾಳೆಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿ. ಯಾವ ಕಾರಣಕ್ಕೂ ಕೂಡಿಸಬೇಡಿ.

## ಹಂತ 2: ಹೂಡಿಕೆ ಯಾವ ವರ್ಗದಲ್ಲಿದೆ ನೋಡಿ

ಕೆಲಸದ ತಿರುಳು ಇದೇ. ಅವಸರ ಬೇಡ.

ಕಂಪನಿ ಒಂದು ಹೂಡಿಕೆಯನ್ನು ಕೊಂಡಾಗ ಅದನ್ನು ಯಾವುದೋ ಒಂದು ಲೆಕ್ಕದ ವರ್ಗಕ್ಕೆ ಸೇರಿಸುತ್ತದೆ. ಬೆಲೆ ಏರಿಳಿದಾಗ ಆ ಬದಲಾವಣೆ ಎಲ್ಲಿ ಕಾಣಬೇಕು ಅನ್ನುವುದನ್ನು ಆ ವರ್ಗ ನಿರ್ಧರಿಸುತ್ತದೆ. ವರದಿಯ ನೋಟ್ಸ್ ಭಾಗದಲ್ಲಿ ಲೆಕ್ಕದ ನೀತಿಗಳನ್ನು ವಿವರಿಸುವ ನೋಟ್ ಮೊದಲಿಗೇ ಇರುತ್ತದೆ. ಅದರಲ್ಲಿ ಹೂಡಿಕೆಯ ಪ್ಯಾರಾ ಓದಿ. ಆಮೇಲೆ ಹೂಡಿಕೆಗಳದ್ದೇ ಪ್ರತ್ಯೇಕ ನೋಟ್ ತೆರೆಯಿರಿ.

ಮೊದಲ ವರ್ಗದಲ್ಲಿ ಬೆಲೆಯ ಬದಲಾವಣೆ ನೇರ ಲಾಭ–ನಷ್ಟಕ್ಕೆ ಬರುತ್ತದೆ. ಮಾರಲಿ, ಬಿಡಲಿ, ಅವಧಿಯ ಕೊನೆಯ ದಿನದ ಬೆಲೆಗೆ ಲೆಕ್ಕ. ಭಾರತದಲ್ಲಿ ಇದಕ್ಕೆ ಎಫ್‌ವಿಟಿಪಿಎಲ್ ಅನ್ನುತ್ತಾರೆ. ಅಮೆರಿಕದಲ್ಲಿ 2018ರಿಂದ ಮಾರುಕಟ್ಟೆಯಲ್ಲಿ ಬೆಲೆ ಸಿಗುವ ಸಾಮಾನ್ಯ ಷೇರು ಹೂಡಿಕೆಗಳೆಲ್ಲ ಈ ವರ್ಗಕ್ಕೇ ಬಂದವು. ಅದಕ್ಕೂ ಮುಂಚೆ ಮಾರದೆ ಇಟ್ಟುಕೊಂಡ ಷೇರಿನ ಏರಿಳಿತ ಲಾಭ–ನಷ್ಟ ಪಟ್ಟಿಗೆ ಬರುತ್ತಿರಲಿಲ್ಲ. ಬರ್ಕ್‌ಶೈರ್‌ನ ನಿವ್ವಳ ಲಾಭ 2018ರಿಂದ ಈಚೆಗೆ ಹೀಗೆ ಕುಣಿಯುತ್ತಿರುವುದಕ್ಕೆ ಕಾರಣ ಈ ನಿಯಮ, ವ್ಯಾಪಾರದಲ್ಲಿ ಆದ ಬದಲಾವಣೆ ಅಲ್ಲ. ಹಾಗಾಗಿ 2017 ಮತ್ತು 2018ರ ನಿವ್ವಳ ಲಾಭವನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಎರಡನೇ ವರ್ಗದಲ್ಲಿ ಬೆಲೆಯ ಬದಲಾವಣೆ ‘ಇತರ ಸಮಗ್ರ ಆದಾಯ’ಕ್ಕೆ ಹೋಗುತ್ತದೆ. ಎಲ್ಲರೂ ಓಸಿಐ ಅಂತಲೇ ಕರೆಯುತ್ತಾರೆ. ಇದು ನಿವ್ವಳ ಲಾಭದ ಕೆಳಗೆ ಬರುವ ಲೆಕ್ಕ. ಬ್ಯಾಲೆನ್ಸ್ ಶೀಟಿನಲ್ಲಿ ಷೇರುದಾರರ ಬಂಡವಾಳ ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ, ಆದರೆ ನಿವ್ವಳ ಲಾಭ ಅಲುಗುವುದಿಲ್ಲ. ಅಮೆರಿಕದಲ್ಲಿ ‘ಅವೈಲಬಲ್ ಫಾರ್ ಸೇಲ್’ ಬಾಂಡುಗಳು ಇಲ್ಲಿರುತ್ತವೆ. ಬಾಂಡನ್ನು ಮಾರಿದ ದಿನ ಅಲ್ಲಿ ಕೂಡಿಟ್ಟಿದ್ದ ಲಾಭವೋ ನಷ್ಟವೋ ಹೊರಬಂದು ಲಾಭ–ನಷ್ಟ ಪಟ್ಟಿಗೆ ಸೇರುತ್ತದೆ.

ಮೂರನೆಯದು, ಅವಧಿ ಮುಗಿಯುವವರೆಗೂ ಇಟ್ಟುಕೊಳ್ಳುತ್ತೇವೆ ಅಂತ ಕೊಂಡ ಬಾಂಡುಗಳು. ಬ್ಯಾಂಕಿನವರ ಬಾಯಲ್ಲಿ ಎಚ್‌ಟಿಎಂ. ಇವುಗಳ ಮಾರುಕಟ್ಟೆ ಬೆಲೆ ಎಷ್ಟೇ ಬಿದ್ದರೂ ಲಾಭ–ನಷ್ಟದಲ್ಲೂ ಕಾಣುವುದಿಲ್ಲ, ಓಸಿಐನಲ್ಲೂ ಕಾಣುವುದಿಲ್ಲ. ನೋಟ್ಸ್‌ನಲ್ಲಿ ಮಾತ್ರ ಒಂದು ಕಾಲಂ ಇರುತ್ತದೆ.

ಭಾರತದ ಇಂಡ್ ಎಎಸ್ 109 ಅನ್ನುವ ಲೆಕ್ಕಪತ್ರ ನಿಯಮದಲ್ಲಿ ಇನ್ನೊಂದು ಬಾಗಿಲಿದೆ. ವ್ಯಾಪಾರಕ್ಕಾಗಿ ಅಲ್ಲದೆ ಇಟ್ಟುಕೊಂಡ ಷೇರನ್ನು ಕಂಪನಿ ಬೇಕಾದರೆ ಓಸಿಐ ವರ್ಗಕ್ಕೆ ಸೇರಿಸಬಹುದು. ಒಮ್ಮೆ ಸೇರಿಸಿದರೆ ಹಿಂದೆ ತೆಗೆಯುವಂತಿಲ್ಲ. ಮುಖ್ಯ ವಿಷಯ ಇಲ್ಲಿದೆ: ಆ ಷೇರನ್ನು ಮಾರಿ ಎಷ್ಟೇ ಲಾಭ ಮಾಡಿದರೂ ಅದು ಲಾಭ–ನಷ್ಟ ಪಟ್ಟಿಗೆ ಎಂದೂ ಬರುವುದಿಲ್ಲ. ಡಿವಿಡೆಂಡ್ ಮಾತ್ರ ಬರುತ್ತದೆ. ಅಮೆರಿಕದ ನಿಯಮದಲ್ಲಿ ಷೇರಿಗೆ ಈ ಬಾಗಿಲು ಇಲ್ಲ.

## ಹಂತ 3: ಒಂದೇ ವ್ಯವಹಾರವನ್ನು ನಾಲ್ಕು ವರ್ಗದಲ್ಲಿ ಲೆಕ್ಕ ಹಾಕಿ ನೋಡಿ

ವರ್ಗ ಎಷ್ಟು ಮುಖ್ಯ ಅಂತ ಓದಿದರೆ ತಲೆಗೆ ಹೋಗುವುದಿಲ್ಲ. ಸಣ್ಣ ಲೆಕ್ಕ ಒಂದನ್ನು ಹಾಳೆಯಲ್ಲಿ ಹಾಕಿ. ಕಂಪನಿ 100 ಲಕ್ಷ ರೂಪಾಯಿಗೆ ಒಂದು ಹೂಡಿಕೆ ಕೊಂಡಿತು. ಮೊದಲ ವರ್ಷದ ಕೊನೆಗೆ ಅದರ ಬೆಲೆ 130 ಲಕ್ಷ. ಎರಡನೇ ವರ್ಷ 120 ಲಕ್ಷಕ್ಕೆ ಮಾರಿತು. ತೆರಿಗೆ ಬಿಟ್ಟುಬಿಡಿ. ಒಟ್ಟು ಲಾಭ 20 ಲಕ್ಷ, ಅದರಲ್ಲಿ ಅನುಮಾನ ಇಲ್ಲ.

ಎಫ್‌ವಿಟಿಪಿಎಲ್ ಆದರೆ: ಮೊದಲ ವರ್ಷ 30 ಲಕ್ಷ ಲಾಭ, ಎರಡನೇ ವರ್ಷ 10 ಲಕ್ಷ ನಷ್ಟ.

ಓಸಿಐ ವರ್ಗದ ಬಾಂಡ್ ಆದರೆ: ಮೊದಲ ವರ್ಷ ಲಾಭ–ನಷ್ಟದಲ್ಲಿ ಸೊನ್ನೆ, ಓಸಿಐನಲ್ಲಿ 30 ಲಕ್ಷ. ಎರಡನೇ ವರ್ಷ ಲಾಭ–ನಷ್ಟದಲ್ಲಿ 20 ಲಕ್ಷ ಲಾಭ, ಓಸಿಐನಲ್ಲಿ 30 ಲಕ್ಷ ಕಡಿತ.

ಓಸಿಐ ವರ್ಗದ ಷೇರು ಆದರೆ, ಭಾರತದ ನಿಯಮದಂತೆ: ಲಾಭ–ನಷ್ಟದಲ್ಲಿ ಎರಡೂ ವರ್ಷ ಸೊನ್ನೆ. ಓಸಿಐನಲ್ಲಿ ಮೊದಲು 30 ಲಕ್ಷ ಏರಿಕೆ, ಆಮೇಲೆ 10 ಲಕ್ಷ ಇಳಿಕೆ. ಉಳಿದ 20 ಲಕ್ಷವನ್ನು ಬಂಡವಾಳದ ಒಳಗೇ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು.

ಎಚ್‌ಟಿಎಂ ಬಾಂಡ್ ಆದರೆ: ಮೊದಲ ವರ್ಷ ಎಲ್ಲೂ ಏನೂ ಇಲ್ಲ. ಅವಧಿಗೆ ಮುಂಚೆ ಮಾರಿದರೆ ಎರಡನೇ ವರ್ಷ 20 ಲಕ್ಷ ಲಾಭ.

ಈಗ ಎರಡನೇ ವರ್ಷವನ್ನು ಮಾತ್ರ ನೋಡಿ. ಅದೇ ಮಾರಾಟ, ಅದೇ ದುಡ್ಡು. ಒಂದು ಕಂಪನಿ 10 ಲಕ್ಷ ನಷ್ಟ ಅನ್ನುತ್ತದೆ, ಇನ್ನೊಂದು 20 ಲಕ್ಷ ಲಾಭ ಅನ್ನುತ್ತದೆ, ಮತ್ತೊಂದು ಏನೂ ಆಗಿಲ್ಲ ಅನ್ನುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ವರ್ಗ ನೋಡದೆ ಎರಡು ಕಂಪನಿಗಳ ಹೂಡಿಕೆ ಲಾಭವನ್ನು ಹೋಲಿಸುವುದು ಸುಮ್ನೆ ಕಾಲಹರಣ ಅನ್ನುವುದು ಇದಕ್ಕೇ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ಎಫ್‌ವಿಟಿಪಿಎಲ್ ವರ್ಗದಲ್ಲಿ ಮಾರಾಟದ ವರ್ಷದ ಲಾಭವನ್ನು ಅಳೆಯುವುದು ಕೊಂಡ ಬೆಲೆಯಿಂದ ಅಲ್ಲ, ಹಿಂದಿನ ವರ್ಷದ ಕೊನೆಯ ಬೆಲೆಯಿಂದ. ಬರ್ಕ್‌ಶೈರ್ 2024ರಲ್ಲಿ ತನ್ನ ಆಪಲ್ ಷೇರುಗಳನ್ನು ಸುಮಾರು 90 ಕೋಟಿಯಿಂದ 30 ಕೋಟಿಗೆ ಇಳಿಸಿತು. ಹಲವು ವರ್ಷ ಹಿಂದೆ ಅಗ್ಗಕ್ಕೆ ಕೊಂಡ ಷೇರು ಅವು. ತೆರಿಗೆ ಇಲಾಖೆ ಕೊಂಡ ಬೆಲೆಯಿಂದ ಲೆಕ್ಕ ಹಾಕುತ್ತದೆ, ಹಾಗಾಗಿ ಭಾರೀ ತೆರಿಗೆ ಬಂತು. ಲೆಕ್ಕಪತ್ರದಲ್ಲಿ ಮಾತ್ರ ಆ ಲಾಭದ ಬಹುಪಾಲು ಹಿಂದಿನ ವರ್ಷಗಳಲ್ಲೇ ದಾಖಲಾಗಿಹೋಗಿತ್ತು. ಮಾರಾಟದ ವರ್ಷದ ಸಾಲಿನಲ್ಲಿ ಆ ದೊಡ್ಡ ಲಾಭ ಹುಡುಕಿದವರಿಗೆ ಅದು ಸಿಗುವುದಿಲ್ಲ.

## ಹಂತ 4: ಸಾಲನ್ನು ಒಡೆಯಿರಿ

ಈಗ ಆ ಒಂದು ಅಂಕಿಯನ್ನು ಮೂರು ತುಂಡು ಮಾಡಿ. ಮಾರಿ ಕೈಗೆ ಬಂದ ಲಾಭ–ನಷ್ಟ ಒಂದು. ಇನ್ನೂ ಇಟ್ಟುಕೊಂಡಿರುವ ಹೂಡಿಕೆಯ ಕಾಗದದ ಲಾಭ–ನಷ್ಟ ಎರಡು. ಸಾಲ ಪಡೆದವರು ವಾಪಸ್ ಕೊಡಲಾರರು ಅನ್ನುವ ಭಯಕ್ಕೆ ಎತ್ತಿಟ್ಟ ಮೊತ್ತ ಮೂರು. ಹೂಡಿಕೆಯ ಲಾಭ–ನಷ್ಟ ಅನ್ನುವ ಶೀರ್ಷಿಕೆಯ ನೋಟ್‌ನಲ್ಲಿ ಈ ವಿಭಜನೆ ಸಾಮಾನ್ಯವಾಗಿ ಒಂದು ಸಣ್ಣ ಕೋಷ್ಟಕದಲ್ಲಿ ಇರುತ್ತದೆ.

‘ನೆಟ್’ ಅನ್ನುವುದು ಲಾಭದಲ್ಲಿ ನಷ್ಟ ಕಳೆದು ಉಳಿದದ್ದು. 5 ಕೋಟಿ ನಿವ್ವಳ ಲಾಭದ ಹಿಂದೆ 6 ಕೋಟಿ ಲಾಭ, 1 ಕೋಟಿ ನಷ್ಟ ಇರಬಹುದು. 500 ಕೋಟಿ ಲಾಭ, 495 ಕೋಟಿ ನಷ್ಟವೂ ಇರಬಹುದು. ಎರಡನೆಯ ಕಂಪನಿಯ ಹೂಡಿಕೆ ಎಷ್ಟು ಗಂಡಾಂತರದ್ದು ಅನ್ನುವುದು ನಿವ್ವಳ ಅಂಕಿಯಿಂದ ತಿಳಿಯುವುದೇ ಇಲ್ಲ. ಒಟ್ಟು ಲಾಭ, ಒಟ್ಟು ನಷ್ಟ ಬೇರೆ ಬೇರೆ ಕೊಟ್ಟಿದ್ದರೆ ಎರಡನ್ನೂ ಬರೆದುಕೊಳ್ಳಿ.

ಮೂರನೇ ತುಂಡಿಗೆ ಜಾಸ್ತಿ ಗಮನ ಕೊಡಿ. ಬಡ್ಡಿದರ ಏರಿದ್ದರಿಂದ ಬಾಂಡಿನ ಬೆಲೆ ಬಿದ್ದಿದ್ದರೆ, ಅವಧಿ ಮುಗಿಯುವ ಹೊತ್ತಿಗೆ ಆ ನಷ್ಟ ತಾನಾಗಿ ಕರಗುತ್ತದೆ. ಸಾಲಗಾರ ಕೈಎತ್ತುವ ಭಯದಿಂದ ಬಿದ್ದಿದ್ದರೆ ಕರಗುವುದಿಲ್ಲ. ಅಮೆರಿಕದಲ್ಲಿ ಓಸಿಐ ವರ್ಗದ ಬಾಂಡುಗಳಿಗೆ ಈ ಎರಡನ್ನೂ ಬೇರ್ಪಡಿಸಬೇಕು: ಸಾಲದ ನಷ್ಟ ಲಾಭ–ನಷ್ಟಕ್ಕೆ, ಉಳಿದದ್ದು ಓಸಿಐಗೆ. ಆದರೆ ನಷ್ಟದಲ್ಲಿರುವ ಬಾಂಡನ್ನು ಮಾರುವ ಉದ್ದೇಶ ಕಂಪನಿಗೆ ಇದ್ದರೆ, ಮಾರುವ ಮುಂಚೆಯೇ ಪೂರ್ತಿ ನಷ್ಟ ಲಾಭ–ನಷ್ಟಕ್ಕೆ ಬರಬೇಕು. ಭಾರತದ ಎನ್‌ಬಿಎಫ್‌ಸಿಗಳಲ್ಲಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳು) ಸಾಲದ ನಷ್ಟಕ್ಕೆ ವೆಚ್ಚದ ಕಡೆ ಬೇರೆಯೇ ಸಾಲು ಇರುತ್ತದೆ. ಹೂಡಿಕೆ ಲಾಭದ ಸಾಲು ಶುಭ್ರವಾಗಿ ಕಂಡರೂ ಅಲ್ಲಿ ಒಮ್ಮೆ ಇಣುಕಿ.

ಕೈಗೆ ಬಂದ ನಷ್ಟ ಯಾವಾಗಲೂ ಕೆಟ್ಟದ್ದಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಬಡ್ಡಿದರ ಏರಿದಾಗ ವಿಮಾ ಕಂಪನಿ ಕಡಿಮೆ ಬಡ್ಡಿಯ ಹಳೇ ಬಾಂಡನ್ನು ನಷ್ಟಕ್ಕೆ ಮಾರಿ, ಜಾಸ್ತಿ ಬಡ್ಡಿಯ ಹೊಸ ಬಾಂಡ್ ಕೊಳ್ಳಬಹುದು. ಈ ವರ್ಷ ನಷ್ಟದ ಸಾಲು, ಮುಂದಿನ ವರ್ಷಗಳಲ್ಲಿ ಬಡ್ಡಿ ಆದಾಯದ ಸಾಲು ಏರುತ್ತದೆ. ಇದಕ್ಕೇ ಹಂತ 1ರಲ್ಲಿ ಬೇರೆ ಬೇರೆ ಕಾಲಂ ಮಾಡಿಸಿದ್ದು.

ತಿರುಗಾಮುರುಗಾ ಆಟವೂ ಉಂಟು. ಲಾಭದಲ್ಲಿರುವ ಬಾಂಡುಗಳನ್ನಷ್ಟೇ ಆರಿಸಿ ಮಾರಿ ಲಾಭ ತೋರಿಸುವುದು, ನಷ್ಟದವನ್ನು ಓಸಿಐನಲ್ಲೋ ಎಚ್‌ಟಿಎಂನಲ್ಲೋ ಮಲಗಿಸುವುದು. ಮಾರಿ ಬಂದ ಲಾಭ ಏರುತ್ತಿದ್ದು, ಅದೇ ಹೊತ್ತಿಗೆ ಓಸಿಐ ಆಳಕ್ಕೆ ಇಳಿಯುತ್ತಿದ್ದರೆ ಇದನ್ನೇ ಶಂಕಿಸಿ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆಯ ಗಂಟೆ ಇಲ್ಲ.

## ಹಂತ 5: ತೆರಿಗೆ ಸರಿಹೊಂದಿಸಿ

ಲಾಭ–ನಷ್ಟ ಪಟ್ಟಿಯ ಸಾಲು ತೆರಿಗೆಗೆ ಮುಂಚಿನದು. ಪ್ರೆಸ್ ರಿಲೀಸಿನ ಅಂಕಿ ಬಹಳ ಸಲ ತೆರಿಗೆ ನಂತರದ್ದು. ಬರ್ಕ್‌ಶೈರ್‌ನ 2022ರ ನಷ್ಟ ಪಟ್ಟಿಯಲ್ಲಿ 67.9 ಬಿಲಿಯನ್, ಪ್ರೆಸ್ ರಿಲೀಸಿನಲ್ಲಿ 53.6 ಬಿಲಿಯನ್. ಅಮೆರಿಕದ ಕಂಪನಿ ತೆರಿಗೆ 21%. 67.9ರಲ್ಲಿ 21% ಕಳೆದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಶುರುವಿನಲ್ಲಿ ಹೇಳಿದ ವ್ಯವಹಾರದ ಲಾಭ 30.8ರಿಂದ 53.6 ಕಳೆಯಿರಿ, ಮೈನಸ್ 22.8. ಲೆಕ್ಕ ಕೂಡಿತು.

ಪ್ರತಿ ವರ್ಷ ಹೀಗೆ ಸಲೀಸಾಗಿ ಕೂಡುವುದಿಲ್ಲ. 2020 ನೋಡಿ. ವ್ಯವಹಾರದ ಲಾಭ 21.9, ತೆರಿಗೆ ನಂತರದ ಹೂಡಿಕೆ ಲಾಭ 31.6. ಕೂಡಿದರೆ 53.5 ಆಗಬೇಕು, ಆದರೆ ನಿವ್ವಳ ಲಾಭ 42.5 ಮಾತ್ರ. ಉಳಿದ 11 ಬಿಲಿಯನ್ ಎಲ್ಲಿ ಹೋಯಿತು? ತಾನೇ ಕೊಂಡ ಕಂಪನಿಗಳ, ಮುಖ್ಯವಾಗಿ ವಿಮಾನದ ಬಿಡಿಭಾಗ ಮಾಡುವ ಪ್ರಿಸಿಷನ್ ಕಾಸ್ಟ್‌ಪಾರ್ಟ್ಸ್‌ನ, ಮೌಲ್ಯವನ್ನು ಬರ್ಕ್‌ಶೈರ್ ಆ ವರ್ಷ ಇಳಿಸಿತ್ತು. ಅದು ಹೂಡಿಕೆ ಸಾಲಿಗೆ ಸೇರುವುದಿಲ್ಲ. ವ್ಯವಹಾರದ ಲಾಭಕ್ಕೂ ನಿವ್ವಳ ಲಾಭಕ್ಕೂ ಇರುವ ಅಂತರವೆಲ್ಲ ಹೂಡಿಕೆಯದ್ದೇ ಅಂತ ಕಣ್ಣುಮುಚ್ಚಿ ಬರೆದುಕೊಳ್ಳಬೇಡಿ.

ಮಾರದ ಲಾಭದ ಮೇಲಿನ ತೆರಿಗೆಯನ್ನು ಈಗಲೇ ಕಟ್ಟಿರುವುದಿಲ್ಲ. ಅದು ಬ್ಯಾಲೆನ್ಸ್ ಶೀಟಿನಲ್ಲಿ ಮುಂದೂಡಿದ ತೆರಿಗೆಯ ಹೊಣೆಯಾಗಿ ಕೂತಿರುತ್ತದೆ.

## ಹಂತ 6: ಸಾಲಿನಲ್ಲಿ ಕಾಣದ ನಷ್ಟವನ್ನು ಹುಡುಕಿ

ಈ ಹಂತ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸಾಕ್ಷಿ. ಅದರ ಮಾತೃ ಕಂಪನಿ 2022ಕ್ಕೆ ಲಾಭವನ್ನೇ ತೋರಿಸಿತ್ತು. ಹೂಡಿಕೆ ಲಾಭ–ನಷ್ಟದ ಸಾಲಿನಲ್ಲಿ ಬೆಚ್ಚಿಬೀಳುವಂಥದ್ದು ಏನೂ ಇರಲಿಲ್ಲ. ಆದರೆ 2022ರ ಡಿಸೆಂಬರ್ 31ಕ್ಕೆ ಎಚ್‌ಟಿಎಂ ವರ್ಗದಲ್ಲಿ 91.3 ಬಿಲಿಯನ್ ಡಾಲರ್ ಎಂದು ಬರೆದಿದ್ದ ಬಾಂಡುಗಳ ಮಾರುಕಟ್ಟೆ ಬೆಲೆ 76.2 ಬಿಲಿಯನ್ ಮಾತ್ರ. 15 ಬಿಲಿಯನ್ ಕೊರತೆ. ಕಂಪನಿಯ ಒಟ್ಟು ಸ್ವಂತ ಬಂಡವಾಳ ಸುಮಾರು 16 ಬಿಲಿಯನ್.

ಅಂಕಿಗಳನ್ನು ಬಚ್ಚಿಟ್ಟಿರಲಿಲ್ಲ. ವಾರ್ಷಿಕ ವರದಿಯಲ್ಲೇ ಇದ್ದವು. ಲಾಭ–ನಷ್ಟ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ಠೇವಣಿದಾರರು ಹಣ ತೆಗೆಯತೊಡಗಿದಾಗ ಬ್ಯಾಂಕ್ ಓಸಿಐ ವರ್ಗದ ಸುಮಾರು 21 ಬಿಲಿಯನ್ ಡಾಲರಿನ ಬಾಂಡುಗಳನ್ನು ಮಾರಿತು. ತೆರಿಗೆ ನಂತರ 1.8 ಬಿಲಿಯನ್ ನಷ್ಟ ಅಂತ 2023ರ ಮಾರ್ಚ್ 8ರಂದು ಪ್ರಕಟಿಸಿತು. ಮಾರ್ಚ್ 10ಕ್ಕೆ ಬ್ಯಾಂಕ್ ಮುಚ್ಚಿತು. ಅವಧಿ ಮುಗಿಯುವವರೆಗೂ ಇಟ್ಟುಕೊಳ್ಳುತ್ತೇವೆ ಅನ್ನುವ ಮಾತು ನಿಲ್ಲುವುದು ಠೇವಣಿದಾರರು ಅಲ್ಲಿಯವರೆಗೆ ಕಾದರೆ ಮಾತ್ರ.

ಹಾಗಾಗಿ ಯಾವುದೇ ಬ್ಯಾಂಕ್ ಅಥವಾ ವಿಮಾ ಕಂಪನಿಯ ವರದಿ ತೆರೆದರೂ ಇದನ್ನು ಮಾಡಿ. ಹೂಡಿಕೆಯ ನೋಟ್‌ನಲ್ಲಿ ಎಚ್‌ಟಿಎಂ ಬಾಂಡುಗಳ ಪುಸ್ತಕ ಬೆಲೆ ಬರೆದುಕೊಳ್ಳಿ, ಪಕ್ಕದಲ್ಲಿ ನ್ಯಾಯ ಮೌಲ್ಯ (‘ಫೇರ್ ವ್ಯಾಲ್ಯೂ’, ಅಂದರೆ ಆ ದಿನದ ಮಾರುಕಟ್ಟೆ ಬೆಲೆ) ಬರೆದುಕೊಳ್ಳಿ. ಅಂತರವನ್ನು ಸ್ವಂತ ಬಂಡವಾಳದಿಂದ ಭಾಗಿಸಿ. ಬಂಡವಾಳದ ಪಟ್ಟಿಯಲ್ಲಿ ಕೂಡಿಬಂದಿರುವ ಓಸಿಐ ಎಷ್ಟಿದೆ ಅದನ್ನೂ ನೋಡಿ. ಅದು ಈಗಾಗಲೇ ಬಂಡವಾಳದಿಂದ ಕಳೆದಿರುತ್ತದೆ, ಎರಡು ಸಲ ಕಳೆಯಬೇಡಿ. ಎಚ್‌ಟಿಎಂ ಕೊರತೆ ಇನ್ನೂ ಕಳೆದಿರುವುದಿಲ್ಲ. ಜೊತೆಗೆ, ಆ ವರ್ಷ ಬಾಂಡುಗಳನ್ನು ಓಸಿಐ ವರ್ಗದಿಂದ ಎಚ್‌ಟಿಎಂಗೆ ಸಾಗಿಸಿದ್ದಾರಾ ಅಂತಲೂ ಹುಡುಕಿ. ಬಡ್ಡಿದರ ಏರುವ ಕಾಲದಲ್ಲಿ ಹೀಗೆ ಮಾಡಿದ್ದರೆ ಕಾರಣ ಏನು ಅಂತ ಕೇಳಲೇಬೇಕು.

## ಹಂತ 7: ನಗದಿನ ಪಟ್ಟಿಯಲ್ಲಿ ಪರೀಕ್ಷಿಸಿ

ನಗದು ಹರಿವಿನ ಪಟ್ಟಿಯಲ್ಲಿ ಕಾರ್ಯಾಚರಣೆಯ ಭಾಗ ತೆರೆಯಿರಿ. ನಿವ್ವಳ ಲಾಭದಿಂದ ಶುರುವಾಗಿ ಹೂಡಿಕೆ ಲಾಭವನ್ನು ಕಳೆದಿರುತ್ತಾರೆ, ನಷ್ಟವಿದ್ದರೆ ಕೂಡಿರುತ್ತಾರೆ. ಚಿಹ್ನೆ ಉಲ್ಟಾ ಇದೆ ಅಂತ ಗಾಬರಿ ಬೇಡ, ಅದು ಹಾಗೇ ಇರಬೇಕು. ಹೂಡಿಕೆ ಮಾರಿ ಬಂದ ದುಡ್ಡು ಕೆಳಗೆ ಹೂಡಿಕೆ ಚಟುವಟಿಕೆಯ ಭಾಗದಲ್ಲಿ ಪೂರ್ತಿ ಮೊತ್ತವಾಗಿ ಕಾಣುತ್ತದೆ, ಬರೀ ಲಾಭವಾಗಿ ಅಲ್ಲ.

22.8 ಬಿಲಿಯನ್ ನಷ್ಟ ತೋರಿಸಿದ 2022ರಲ್ಲೇ ಬರ್ಕ್‌ಶೈರ್‌ಗೆ ಕಾರ್ಯಾಚರಣೆಯಿಂದ 37 ಬಿಲಿಯನ್ ಡಾಲರಿಗೂ ಹೆಚ್ಚು ನಗದು ಬಂದಿತ್ತು. ಇದರ ಉಲ್ಟಾ ಚಿತ್ರ ಕಂಡರೆ ಹುಷಾರು: ವರ್ಷ ವರ್ಷ ದೊಡ್ಡ ಹೂಡಿಕೆ ಲಾಭ, ಆದರೆ ಮಾರಾಟದ ನಗದೂ ಇಲ್ಲ, ಡಿವಿಡೆಂಡೂ ಇಲ್ಲ. ಹಾಗಿದ್ದರೆ ನ್ಯಾಯ ಮೌಲ್ಯದ ನೋಟ್‌ನಲ್ಲಿ ‘ಲೆವೆಲ್ 3’ ಎಷ್ಟಿದೆ ನೋಡಿ. ಲೆವೆಲ್ 1 ಎಂದರೆ ಪೇಟೆಯಲ್ಲಿ ದಿನಾ ಕಾಣುವ ಬೆಲೆ. ಲೆವೆಲ್ 3ರ ಬೆಲೆ ಕಂಪನಿಯದ್ದೇ ಅಂದಾಜುಗಳ ಮೇಲೆ ನಿಂತದ್ದು. ಲಾಭದ ಬಹುಪಾಲು ಅಲ್ಲಿಂದಲೇ ಬರುತ್ತಿದ್ದರೆ ಆ ಅಂದಾಜುಗಳನ್ನು ಒಂದೊಂದಾಗಿ ಓದಿ.

## ಹಂತ 8: ಐದು ವರ್ಷ ಒಟ್ಟಿಗೆ ಇಡಿ

ಒಂದು ತ್ರೈಮಾಸಿಕದ ಹೂಡಿಕೆ ಲಾಭ–ನಷ್ಟಕ್ಕೆ ಸಾಮಾನ್ಯವಾಗಿ ಅರ್ಥವೇ ಇಲ್ಲ ಅಂತ ಬರ್ಕ್‌ಶೈರ್ ತನ್ನ ಪ್ರೆಸ್ ರಿಲೀಸುಗಳಲ್ಲಿ ತಾನೇ ಬರೆಯುತ್ತದೆ. 2020ರ ಮಾರ್ಚ್ ತ್ರೈಮಾಸಿಕದಲ್ಲಿ ಕೋವಿಡ್ ಹೊಡೆತಕ್ಕೆ 49.7 ಬಿಲಿಯನ್ ನಿವ್ವಳ ನಷ್ಟ. ಮುಂದಿನ ತ್ರೈಮಾಸಿಕಕ್ಕೇ 26.3 ಬಿಲಿಯನ್ ಲಾಭ.

ವರ್ಷಗಳನ್ನು ಸಾಲಾಗಿ ಬರೆಯಿರಿ. ನಿವ್ವಳ ಲಾಭ, ಬಿಲಿಯನ್ ಡಾಲರಿನಲ್ಲಿ: 2018ಕ್ಕೆ 4.0, 2019ಕ್ಕೆ 81.4, 2020ಕ್ಕೆ 42.5, 2021ಕ್ಕೆ 89.8, 2022ಕ್ಕೆ ಮೈನಸ್ 22.8. ವ್ಯವಹಾರದ ಲಾಭ ಅದೇ ವರ್ಷಗಳಿಗೆ: 24.8, 24.0, 21.9, 27.5, 30.8. ಮೊದಲ ಸಾಲು ನೋಡಿದರೆ ತಲೆ ತಿರುಗುತ್ತದೆ, ಎರಡನೆಯದು ನೋಡಿದರೆ ಕಂಪನಿ ಹೇಗೆ ನಡೆಯುತ್ತಿದೆ ಗೊತ್ತಾಗುತ್ತದೆ. ಆದರೆ ಒಟ್ಟು ಮಾಡಿ: ನಿವ್ವಳ ಸುಮಾರು 195, ವ್ಯವಹಾರದ್ದು 129. ಆ 66 ಬಿಲಿಯನ್ ಅಂತರದಲ್ಲಿ 2018ರ 3 ಬಿಲಿಯನ್, 2020ರ 11 ಬಿಲಿಯನ್ ಮೌಲ್ಯ ಇಳಿಕೆಯನ್ನೂ ನುಂಗಿಕೊಂಡು ಉಳಿದ ಹೂಡಿಕೆ ಲಾಭ ಇದೆ. ಅಂದರೆ ಈ ಸಾಲನ್ನು ಒಂದು ವರ್ಷಕ್ಕೆ ಪಕ್ಕಕ್ಕಿಡಿ, ಐದು ವರ್ಷಕ್ಕೆ ಪಕ್ಕಕ್ಕಿಡಬೇಡಿ. ಷೇರುದಾರರ ನಿಜವಾದ ದುಡ್ಡು ಅದರಲ್ಲಿದೆ.

‘ನಮ್ಮ ಲೆಕ್ಕದ ಲಾಭ’ ಅಂತ ಕಂಪನಿಗಳು ಹೂಡಿಕೆ ನಷ್ಟ ತೆಗೆದು ತೋರಿಸುವ ಅಂಕಿಯನ್ನೂ ಇದೇ ಹಾಳೆಯಲ್ಲಿ ಪರೀಕ್ಷಿಸಿ. ಲಾಭ ಬಂದ ವರ್ಷ ಸೇರಿಸಿ, ನಷ್ಟ ಬಂದ ವರ್ಷ ತೆಗೆದಿದ್ದರೆ ಆ ಅಂಕಿಯನ್ನು ನಂಬಬೇಡಿ. ಹತ್ತು ವರ್ಷದಲ್ಲಿ ಎಂಟು ವರ್ಷ ‘ಅಪರೂಪದ’ ನಷ್ಟ ಬಂದಿದ್ದರೆ ಅದು ಅಪರೂಪದ್ದಲ್ಲ, ವ್ಯಾಪಾರದ ಖರ್ಚು.

## ಭಾರತದ ವರದಿ ಓದುವವರಿಗೆ

ಇಲ್ಲಿ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿಲ್ಲ. ಹಂತ 2ಕ್ಕೆ ಬರುವ ಮುಂಚೆ ಯಾವ ಜಾತಿಯ ಕಂಪನಿ ಅಂತ ತಿಳಿಯಿರಿ.

ಬೆಂಗಳೂರಿನ ಇನ್ಫೋಸಿಸ್‌ನಂಥ ಕಂಪನಿಯಲ್ಲಿ ಹೂಡಿಕೆ ಲಾಭ ‘ಅದರ್ ಇನ್ಕಮ್’ ನೋಟ್‌ನೊಳಗೆ ಇರುತ್ತದೆ. ಬಡ್ಡಿ, ಎಫ್‌ವಿಟಿಪಿಎಲ್ ಹೂಡಿಕೆಯ ಲಾಭ–ನಷ್ಟ, ವಿದೇಶಿ ಹಣದ ವಿನಿಮಯದ ಲಾಭ–ನಷ್ಟ ಎಲ್ಲ ಅದೇ ನೋಟ್‌ನಲ್ಲಿ ಬೇರೆ ಬೇರೆ ಸಾಲು. ಮ್ಯೂಚುಯಲ್ ಫಂಡ್ ಯೂನಿಟ್‌ಗಳು ಸಾಮಾನ್ಯವಾಗಿ ಎಫ್‌ವಿಟಿಪಿಎಲ್‌ಗೇ ಹೋಗುತ್ತವೆ, ಅದು ಡೆಟ್ ಫಂಡ್ ಆದರೂ ಸರಿ. ಸಾಲ ಕೊಡುವ ಎನ್‌ಬಿಎಫ್‌ಸಿಗಳಲ್ಲಿ ಈ ಸಾಲು ಆದಾಯದ ಭಾಗದಲ್ಲೇ ‘ನೆಟ್ ಗೇನ್ ಆನ್ ಫೇರ್ ವ್ಯಾಲ್ಯೂ ಚೇಂಜಸ್’ ಅನ್ನುವ ಹೆಸರಲ್ಲಿ ಬರುತ್ತದೆ. ನೋಟ್‌ನಲ್ಲಿ ಕೈಗೆ ಬಂದದ್ದು, ಬಾರದ್ದು ಎರಡನ್ನೂ ಬೇರೆ ತೋರಿಸಿರುತ್ತಾರೆ, ಹಂತ 4 ಸುಲಭವಾಗುತ್ತದೆ.

ಬ್ಯಾಂಕುಗಳು ಇಂಡ್ ಎಎಸ್‌ನಲ್ಲಿ ಇಲ್ಲ. ಅವುಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2024ರ ಏಪ್ರಿಲ್ 1ರಿಂದ ಬಂದಿದೆ. ಎಚ್‌ಟಿಎಂ, ಎಎಫ್‌ಎಸ್ (ಅವೈಲಬಲ್ ಫಾರ್ ಸೇಲ್), ಎಫ್‌ವಿಟಿಪಿಎಲ್ ಅಂತ ಮೂರು ವರ್ಗ. ಎಎಫ್‌ಎಸ್ ವರ್ಗದ ಏರಿಳಿತ ಈಗ ಲಾಭ–ನಷ್ಟ ಮುಟ್ಟದೆ ನೇರ ಎಎಫ್‌ಎಸ್ ರಿಸರ್ವ್‌ಗೆ ಹೋಗುತ್ತದೆ. ಹಾಗಾಗಿ 2024ರ ಮಾರ್ಚ್‌ವರೆಗಿನ ಖಜಾನೆ ಲಾಭವನ್ನು, ಅಂದರೆ ಬ್ಯಾಂಕಿನ ಹೂಡಿಕೆ ಲಾಭವನ್ನು, ಅದರ ನಂತರದ ಅಂಕಿಯ ಜೊತೆ ಹೋಲಿಸುವಾಗ ಎಚ್ಚರ.

ಜೀವ ವಿಮಾ ಕಂಪನಿಗಳಲ್ಲಿ ಹೊಸಬರು ಜಾಸ್ತಿ ಹೆದರುತ್ತಾರೆ. ಷೇರುಪೇಟೆ ಕುಸಿದ ತ್ರೈಮಾಸಿಕದಲ್ಲಿ ಹೂಡಿಕೆಯ ಸಾಲು ದೊಡ್ಡ ಮೈನಸ್ ತೋರಿಸುತ್ತದೆ. ಅದರಲ್ಲಿ ಯುಲಿಪ್ (ಪಾಲಿಸಿದಾರರ ಹಣವನ್ನು ಪೇಟೆಯಲ್ಲಿ ಹೂಡುವ ವಿಮೆ) ಪಾಲು ಎಷ್ಟು ಅಂತ ಮೊದಲು ನೋಡಿ. ಯುಲಿಪ್ ಹಣದ ಏರಿಳಿತ ಪಾಲಿಸಿದಾರರದ್ದು. ಹೂಡಿಕೆ ಇಳಿದಷ್ಟೂ ಅವರಿಗೆ ಕೊಡಬೇಕಾದ ಹೊಣೆಯೂ ಇಳಿಯುತ್ತದೆ, ಅದೇ ಪಟ್ಟಿಯ ಕೆಳಗೆ ಹೊಣೆಯ ಬದಲಾವಣೆಯ ಸಾಲಿನಲ್ಲಿ ಅದು ಕಾಣುತ್ತದೆ. ಷೇರುದಾರರಿಗೆ ತಟ್ಟುವುದು ಉಳಿದ ಭಾಗ. ಆ ಭಾಗದ ಷೇರುಗಳ ಕಾಗದದ ಏರಿಳಿತ ಲಾಭ–ನಷ್ಟದಲ್ಲಿ ಇರದೆ ಬ್ಯಾಲೆನ್ಸ್ ಶೀಟಿನ ‘ಫೇರ್ ವ್ಯಾಲ್ಯೂ ಚೇಂಜ್ ಅಕೌಂಟ್’ನಲ್ಲಿ ಕೂತಿರುತ್ತದೆ. ಹಂತ 6ರ ಕೆಲಸವನ್ನು ಆ ಖಾತೆಯ ಮೇಲೆ ಮಾಡಿ: ಹಿಂದಿನ ವರ್ಷದ ಶಿಲ್ಕು, ಈ ವರ್ಷದ ಶಿಲ್ಕು, ನಡುವಿನ ವ್ಯತ್ಯಾಸ. ಅದನ್ನು ಆ ವರ್ಷ ಷೇರು ಮಾರಿ ತೋರಿಸಿದ ಲಾಭದ ಪಕ್ಕ ಬರೆಯಿರಿ. ಮಾರಾಟದ ಲಾಭ ಏರಿ ಖಾತೆಯ ಶಿಲ್ಕು ಅಷ್ಟೇ ಇಳಿದಿದ್ದರೆ, ಕಂಪನಿ ಈ ವರ್ಷ ತೋರಿಸಿರುವುದು ಹಳೇ ವರ್ಷಗಳ ಲಾಭ.